ಊರಿನವರೇ ಉಳಿಸಿಕೊಂಡ ಕಾಲ್ಚೆಂಡು ಕ್ಲಬ್ಬು

“ಓ, ಕಾಲ್ಚೆಂಡಾಟದ ವಿಷಯವೇ? ಅದೆಲ್ಲ ಗಂಡಸರಿಗೆ ಬಿಡಿ, ಮುಂದಿನ ಪುಟದಲ್ಲಿ ಯಾವ ತಿಂಡಿ ಕೊಟ್ಟಿದ್ದಾರೋ ನೋಡೋಣ” ಎಂದು ಹಾಳೆ ಮಗುಚಲು ಹೊರಟಿದ್ದೀರಾ? ಸ್ವಲ್ಪ ತಡೆಯಿರಿ ಸೋದರಿಯರೇ. ಇದು ಚೆಂಡಾಟದ ಕಥೆ ಹೌದು. ಆದರೆ ಇದರಲ್ಲಿ ಸಾಲ ಇದೆ, ತಿಂಗಳ ಕೊನೆಯ ಕೈಬಿಗಿತ ಇದೆ, ಹನಿ ಹನಿ ಕೂಡಿಸಿ ಹಳ್ಳ ಮಾಡಿದ ಜಾಣತನ ಇದೆ. ಎಂಜಲು ಲೋಟ ತೊಳೆದು ಒಂದು ಊರಿಗೇ ಮಾದರಿಯಾದ ಹೆಂಗಸರೂ ಇದ್ದಾರೆ. ಸಂಸಾರ ತೂಗಿಸುವ ನಮಗಲ್ಲದೆ ಇನ್ಯಾರಿಗೆ ಇದು ಚೆನ್ನಾಗಿ ಅರ್ಥವಾದೀತು, ಹೇಳಿ?

ಚೆಂಡಾಟದ ಸೂಕ್ಷ್ಮ ನಿಯಮಗಳೊಂದೂ ನಿಮಗೆ ಗೊತ್ತಿರಬೇಕಾಗಿಲ್ಲ. ಹನ್ನೊಂದು ಜನ ಈ ಕಡೆ, ಹನ್ನೊಂದು ಜನ ಆ ಕಡೆ, ಚೆಂಡನ್ನು ಎದುರಾಳಿಯ ಬಲೆಗೆ ಸೇರಿಸಿದರೆ ಗೋಲು. ಇಷ್ಟು ತಿಳಿದಿದ್ದರೆ ಸಾಕು.

ಬೆಟ್ಟಗಳ ಬೋಗುಣಿಯೊಳಗಿನ ಊರು

ಜಪಾನಿನ ರಾಜಧಾನಿ ಟೋಕಿಯೊದಿಂದ ಪಶ್ಚಿಮಕ್ಕೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಹೋದರೆ ಕೋಫು ಎಂಬ ಊರು ಸಿಗುತ್ತದೆ. ಯಮನಾಶಿ ಎಂಬ ಪ್ರಾಂತ್ಯಕ್ಕೆ ಇದೇ ಮುಖ್ಯ ಪಟ್ಟಣ. ಸುತ್ತಲೂ ಎತ್ತರದ ಬೆಟ್ಟಗಳು, ನಡುವೆ ಬೋಗುಣಿಯ ಹಾಗೆ ತಗ್ಗಿನ ನೆಲ. ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ ಬೆಟ್ಟಗಳ ಹಿಂದಿನಿಂದ ಫುಜಿ ಪರ್ವತ ತನ್ನ ಬೆಳ್ಳನೆಯ ತಲೆ ಎತ್ತಿ ಇಣುಕುತ್ತದೆ. ಪಟ್ಟಣದ ಜನಸಂಖ್ಯೆ ಎರಡು ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಇಡೀ ಪ್ರಾಂತ್ಯವನ್ನು ಸೇರಿಸಿದರೂ ಎಂಟು ಲಕ್ಷದ ಆಸುಪಾಸು. ಕೋಟಿಗಟ್ಟಲೆ ಜನ ಕಿಕ್ಕಿರಿದ ಟೋಕಿಯೊದ ಪಕ್ಕದಲ್ಲಿ ಇದು ಚಿಕ್ಕ ಊರೇ ಸರಿ.

ದ್ರಾಕ್ಷಿ, ಪೀಚ್ ಹಣ್ಣುಗಳನ್ನು ಜಪಾನಿನಲ್ಲೇ ಅತಿ ಹೆಚ್ಚು ಬೆಳೆಯುವುದು ಈ ಪ್ರಾಂತ್ಯದಲ್ಲಿ. ಹರಳು ಕತ್ತರಿಸಿ ಒಡವೆ ಮಾಡುವ ಕೆಲಸಕ್ಕೂ ಕೋಫು ಹೆಸರಾದದ್ದು. ಅಡುಗೆಯ ಮಾತು ಬಂದಾಗ ಇಲ್ಲಿಯವರು ಎದೆಯುಬ್ಬಿಸಿ ಹೇಳುವುದು ‘ಹೋತೋ’ ಎಂಬ ತಿನಿಸನ್ನು. ಗೋಧಿ ಹಿಟ್ಟನ್ನು ಉಪ್ಪು ಹಾಕದೆ ನಾದಿ, ಲಟ್ಟಿಸಿ, ಅಗಲವಾದ ಪಟ್ಟಿಗಳಾಗಿ ಕೊಯ್ಯುತ್ತಾರೆ. ಸಿಹಿಗುಂಬಳದ ಹೋಳು, ಬೇರೆ ತರಕಾರಿ ಹಾಕಿ ಕುದಿಸಿದ ಸಾರಿನೊಳಕ್ಕೇ ಆ ಹಸಿ ಪಟ್ಟಿಗಳನ್ನು ಬಿಡುತ್ತಾರೆ. ಹುದುಗು ಬರಿಸಿದ ಸೋಯಾ ಕಾಳಿನ ‘ಮಿಸೋ’ ಎಂಬ ಮುದ್ದೆಯನ್ನು ಕದಡಿ ಸೇರಿಸುತ್ತಾರೆ. ಹಿಟ್ಟು ಬಿಟ್ಟುಕೊಂಡು ಸಾರು ಗಟ್ಟಿಯಾಗುತ್ತದೆ. ಚಳಿಯಲ್ಲಿ ಒಂದು ಬಟ್ಟಲು ಕುಡಿದರೆ ಊಟವೇ ಮುಗಿದಂತೆ. ಬೇಳೆಯಲ್ಲಿ ಗೋಧಿ ಹಿಟ್ಟಿನ ತುಂಡು ಬೇಯಿಸುವ ನಮ್ಮ ಉತ್ತರ ಕರ್ನಾಟಕದ ಚಕೋಲಿ ಉಂಡವರಿಗೆ ಇದರ ಹದ ಥಟ್ಟನೆ ತಿಳಿದೀತು.

ಇಂಥ ಊರಿನ ಕಾಲ್ಚೆಂಡು ಕ್ಲಬ್ಬಿನ ಹೆಸರು ವಾನ್‌ಫೋರೆ ಕೋಫು. ಹೆಸರು ಕೇಳಿದರೆ ಜಪಾನಿನದ್ದು ಅನ್ನಿಸೋದಿಲ್ಲ, ಅಲ್ವೇ? ಇದಕ್ಕೊಂದು ಸ್ವಾರಸ್ಯ ಇದೆ. ಹದಿನಾರನೇ ಶತಮಾನದಲ್ಲಿ ಈ ಸೀಮೆಯನ್ನು ಆಳಿದವನು ತಾಕೆದಾ ಶಿಂಗೆನ್ ಎಂಬ ವೀರ. 1521ರಲ್ಲಿ ಹುಟ್ಟಿ 1573ರಲ್ಲಿ ತೀರಿಕೊಂಡವನು. ಗಾಳಿ, ಕಾಡು, ಬೆಂಕಿ, ಬೆಟ್ಟ, ಈ ನಾಲ್ಕರ ಹೆಸರು ಅವನ ಯುದ್ಧದ ಬಾವುಟದ ಮೇಲೆ ಇತ್ತು. ಅದರ ಮೊದಲೆರಡನ್ನು, ಅಂದರೆ ಗಾಳಿ ಮತ್ತು ಕಾಡನ್ನು, ಫ್ರೆಂಚ್ ಭಾಷೆಯ ಮಾತುಗಳಲ್ಲಿ ಜೋಡಿಸಿ 1995ರಲ್ಲಿ ಈ ಹೆಸರು ಮಾಡಿದರು. ಅಂಗಿಯ ಬಣ್ಣ ನೀಲಿ ಮತ್ತು ಕೆಂಪು. ಬೊಂಬೆ ವೇಷ ಹಾಕಿ ಮಕ್ಕಳನ್ನು ನಗಿಸುವ ಎರಡು ನಾಯಿಮರಿಗಳೂ ಇವೆ. ಆ ಪ್ರಾಂತ್ಯದ್ದೇ ಆದ ‘ಕಾಯಿ’ ತಳಿಯ ನಾಯಿಗಳು ಅವು.

ಕಂಪನಿಯ ಕೂಸಲ್ಲ

ಇಲ್ಲಿ ಒಂದು ವಿಷಯ ಗಮನಿಸಬೇಕು. ಜಪಾನಿನಲ್ಲಿ ಬಹಳ ಕಾಲ ಕಾಲ್ಚೆಂಡು ಟೀಮುಗಳು ಅಂದರೆ ದೊಡ್ಡ ದೊಡ್ಡ ಕಂಪನಿಗಳ ಟೀಮುಗಳೇ. ಕಾರು ಮಾಡುವವರದೊಂದು, ಉಕ್ಕು ಮಾಡುವವರದೊಂದು, ವಿದ್ಯುತ್ ಯಂತ್ರ ಮಾಡುವವರದೊಂದು. ಆಟಗಾರರು ಆ ಕಂಪನಿಯ ನೌಕರರು. ಖರ್ಚೆಲ್ಲ ಕಂಪನಿಯದು. ಶ್ರೀಮಂತರ ಮನೆಯಲ್ಲಿ ಹುಟ್ಟಿದ ಮಕ್ಕಳ ಹಾಗೆ.

ಕೋಫುವಿನ ಕ್ಲಬ್ಬು ಹಾಗಲ್ಲ. ಊರಿನ ಒಂದು ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು, ಓದು ಮುಗಿದ ಮೇಲೂ ಆಟ ಬಿಡಲಾರದೆ ಕೂಡಿಕೊಂಡು ಆಡುತ್ತಿದ್ದರಲ್ಲ, ಅವರಿಂದ ಬೆಳೆದದ್ದು. 1965ರಲ್ಲಿ ಕೋಫು ಕ್ಲಬ್ ಎಂಬ ಹೆಸರಾಯಿತು. 1972ರಲ್ಲಿ ರಾಷ್ಟ್ರಮಟ್ಟದ ಲೀಗಿನ ಎರಡನೇ ದರ್ಜೆಗೆ ಸೇರಿತು. ಬೆನ್ನಿಗೆ ಯಾವ ದೊಡ್ಡ ಕಂಪನಿಯೂ ಇಲ್ಲ. ಹಗಲು ಕೆಲಸ, ಸಂಜೆ ಆಟ.

1993ರಲ್ಲಿ ಜಪಾನಿನಲ್ಲಿ ‘ಜೆ ಲೀಗ್’ ಎಂಬ ವೃತ್ತಿಪರ ಪಂದ್ಯಾವಳಿ ಹತ್ತು ಕ್ಲಬ್ಬುಗಳಿಂದ ಶುರುವಾಯಿತು. ಅದನ್ನು ಕಟ್ಟಿದವರು ಒಂದು ಒಳ್ಳೆಯ ನೀತಿ ಹಿಡಿದರು. ಕ್ಲಬ್ಬಿನ ಹೆಸರಿನಲ್ಲಿ ಕಂಪನಿಯ ಹೆಸರು ಬೇಡ, ಊರಿನ ಹೆಸರಿರಲಿ, ಕ್ಲಬ್ಬು ಆ ಊರಿನ ಜನರದಾಗಲಿ ಎಂದು. 1999ರಲ್ಲಿ ಎರಡನೇ ದರ್ಜೆ ಬಂತು. 2014ರಲ್ಲಿ ಮೂರನೆಯದು. ಈ ಮೂರು ದರ್ಜೆಗಳು ಏಣಿಯ ಮೆಟ್ಟಿಲುಗಳಿದ್ದ ಹಾಗೆ. ಚೆನ್ನಾಗಿ ಆಡಿದವರು ಮೇಲಕ್ಕೆ, ಕೆಳಗಿನ ಸ್ಥಾನದಲ್ಲಿ ಉಳಿದವರು ಕೆಳಕ್ಕೆ. ಇಂದು ಮಹಾರಾಜ, ನಾಳೆ ಏನೋ!

1999ರಲ್ಲಿ ಎರಡನೇ ದರ್ಜೆ ಶುರುವಾದಾಗ ಸೇರಿದ ಹತ್ತು ಕ್ಲಬ್ಬುಗಳಲ್ಲಿ ಕೋಫುವಿನದೂ ಒಂದು. ಊರಿಗೆಲ್ಲ ಸಂಭ್ರಮ. ಆದರೆ ಸಂಭ್ರಮದ ಹಿಂದೆಯೇ ಬಿಲ್ಲು ಬಂತು.

ಸೋಲಿನ ಮೇಲೆ ಸೋಲು, ಸಾಲದ ಮೇಲೆ ಸಾಲ

ವೃತ್ತಿಪರ ಆಟ ಅಂದಮೇಲೆ ಆಟಗಾರರಿಗೆ ಸಂಬಳ ಕೊಡಬೇಕು. ಪರ ಊರಿಗೆ ಹೋಗಿಬರುವ ಖರ್ಚು, ಮೈದಾನದ ಬಾಡಿಗೆ, ಬಟ್ಟೆಬರೆ, ಔಷಧೋಪಚಾರ... ಪಟ್ಟಿ ಮಾಡುತ್ತಾ ಹೋದರೆ ಮುಗಿಯೋದಿಲ್ಲ. ಬರುವುದು ಮಾತ್ರ ಟಿಕೆಟ್ಟಿನ ಹಣ, ಜಾಹೀರಾತಿನ ಹಣ, ಸದಸ್ಯರ ಚಂದಾ. ಗೆದ್ದರೆ ಜನ ಬರುತ್ತಾರೆ. ಸೋತರೆ?

ಕೋಫು ಸೋತದ್ದು ಒಂದೆರಡು ಸಲವಲ್ಲ. 1999ರಲ್ಲಿ ಕೊನೆಯ ಸ್ಥಾನ. 2000ದಲ್ಲೂ ಕೊನೆಯ ಸ್ಥಾನ, ಅದೂ ಆ ವರ್ಷ ಸಾಲಾಗಿ 19 ಪಂದ್ಯ ಸೋತರು! ಹತ್ತೊಂಬತ್ತು ಸಲ ಎದ್ದು, ಹತ್ತೊಂಬತ್ತು ಸಲ ಬೀಳುವುದು ಅಂದರೆ ಮನಸ್ಸಿಗೆ ಹೇಗಾಗಬೇಡ? ನೋಡಲು ಬರುವವರ ಸರಾಸರಿ ಒಂದು ಪಂದ್ಯಕ್ಕೆ 1,850ರ ಸುಮಾರಿಗೆ ಇಳಿಯಿತು. ಸಾವಿರಾರು ಜನ ಕೂರುವ ಕ್ರೀಡಾಂಗಣದಲ್ಲಿ ಅಲ್ಲೊಬ್ಬ, ಇಲ್ಲೊಬ್ಬ.

ಈ ನಡುವೆ ನಾಲ್ಕು ವರ್ಷಗಳಲ್ಲಿ ಕೂಡಿದ ನಷ್ಟ ಸುಮಾರು 45 ಕೋಟಿ ಯೆನ್. ಇದ್ದಬದ್ದ ಆಸ್ತಿಯನ್ನೆಲ್ಲ ಮಾರಿದರೂ ತೀರದೆ ಉಳಿಯುವ ಸಾಲವೇ ಸುಮಾರು 11 ಕೋಟಿ ಯೆನ್. ಕ್ಲಬ್ಬಿನ ಮುಖ್ಯ ಪಾಲುದಾರರು ಯಾರೆಂದರೆ ಯಮನಾಶಿ ಪ್ರಾಂತ್ಯದ ಸರ್ಕಾರ, ಕೋಫು ನಗರಸಭೆ, ಪಕ್ಕದ ನಿರಾಸಾಕಿ ಎಂಬ ಊರಿನ ನಗರಸಭೆ ಮತ್ತು ಸ್ಥಳೀಯ ದಿನಪತ್ರಿಕೆಯ ಸಂಸ್ಥೆ. ಅಂದರೆ ಇದರಲ್ಲಿ ಜನರ ತೆರಿಗೆ ಹಣವೂ ಇತ್ತು. ಆಸ್ಪತ್ರೆ, ಶಾಲೆ, ರಸ್ತೆಗೆ ಬೇಕಾದ ಹಣವನ್ನು ಸೋಲುವ ಟೀಮಿಗೆ ಸುರಿಯಬೇಕೇ? ಈ ಪ್ರಶ್ನೆ ನ್ಯಾಯವಾದದ್ದೇ. ನಾವಾಗಿದ್ದರೂ ಕೇಳುತ್ತಿದ್ದೆವು.

2000ದ ಕೊನೆಯ ಹೊತ್ತಿಗೆ ಮುಚ್ಚಿಬಿಡುವ ಮಾತೇ ಎದ್ದಿತು. ಆದರೆ ಜನ ಬಿಡಲಿಲ್ಲ, ಉಳಿಸಿ ಎಂದು ಕೇಳಿಕೊಂಡರು. ಕೊನೆಗೆ ಪಾಲುದಾರರು ಒಂದು ವರ್ಷದ ಗಡುವು ಕೊಟ್ಟರು. ಅದಕ್ಕೆ ಮೂರು ಷರತ್ತು.

ಒಂದು: 2001ರಲ್ಲಿ ಪಂದ್ಯ ನೋಡಲು ಬರುವವರ ಸರಾಸರಿ 3,000 ದಾಟಬೇಕು.

ಎರಡು: ಚಂದಾ ಕಟ್ಟುವ ಸದಸ್ಯರು 5,000 ಜನ ಆಗಬೇಕು.

ಮೂರು: ಜಾಹೀರಾತಿನಿಂದ 5 ಕೋಟಿ ಯೆನ್ ಬರಬೇಕು.

ಈ ಮೂರರಲ್ಲಿ ತಪ್ಪಿದರೆ ಬಾಗಿಲಿಗೆ ಬೀಗ. ಸಾಲಾಗಿ ಸೋಲುತ್ತಿರುವ, ಯಾರೂ ನೋಡಲು ಬಾರದ ಟೀಮಿಗೆ ಇದು ಸಾಧ್ಯವೇ?

ಸಂಸಾರ ತೂಗಿಸಿದ ಬಗೆ

2001ರ ಆರಂಭದಲ್ಲಿ ಕ್ಲಬ್ಬಿನ ಅಧ್ಯಕ್ಷರಾಗಿ ಬಂದವರು ಕಾಜುಯುಕಿ ಉಮಿನೊ. ಸ್ಥಳೀಯ ಪತ್ರಿಕೆಯ ಬಳಗದಿಂದ ಬಂದವರು. ಚೆಂಡು ಒದೆಯುವುದರಲ್ಲಿ ಅಲ್ಲ, ಜನರ ಮನೆ ಬಾಗಿಲಿಗೆ ಹೋಗಿ ಮಾತಾಡುವುದರಲ್ಲಿ ಪಳಗಿದವರು.

ದೊಡ್ಡ ಕಂಪನಿಗಳ ಮುಂದೆ ಕೈಚಾಚಿ ಫಲವಿರಲಿಲ್ಲ. ಸೋಲುವ ಕುದುರೆಯ ಮೇಲೆ ಯಾರು ಹಣ ಕಟ್ಟುತ್ತಾರೆ? ಹಾಗಾಗಿ ಅವರು ಸಣ್ಣವರತ್ತ ತಿರುಗಿದರು. ಊರಿನ ಅಂಗಡಿ, ಹೋಟೆಲು, ಸಣ್ಣ ಕಾರ್ಖಾನೆ... ಒಬ್ಬರಿಂದ ದೊಡ್ಡ ಗಂಟು ಬೇಡುವ ಬದಲು ನೂರಾರು ಜನರಿಂದ ಪುಟ್ಟ ಪುಟ್ಟ ಮೊತ್ತ. ನಮ್ಮ ಹೆಂಗಸರ ಚೀಟಿ ವ್ಯವಹಾರದ ಗುಟ್ಟೇ ಇದಲ್ಲವೇ? ಒಬ್ಬಾಕೆಗೆ ಒಂದೇ ಸಲ ಹತ್ತು ಸಾವಿರ ಕೊಡು ಅಂದರೆ ಬೆವರುತ್ತಾಳೆ. ಇಪ್ಪತ್ತು ಜನ ಐನೂರು ಐನೂರು ಹಾಕಿದರೆ ಯಾರಿಗೂ ಭಾರವಾಗದೆ ಗಂಟು ಎದ್ದು ನಿಲ್ಲುತ್ತದೆ.

ಜಾಹೀರಾತು ಹಾಕಲು ಜಾಗ ಎಲ್ಲಿ? ಮೈದಾನದ ಸುತ್ತ ಹಲಗೆಗಳು, ಸರಿ. ಅದು ಸಾಲದು. ಆಗ ಹೊಳೆದದ್ದು ಸ್ಟ್ರೆಚರ್! ಆಟದಲ್ಲಿ ಪೆಟ್ಟು ಬಿದ್ದವರನ್ನು ಹೊತ್ತೊಯ್ಯುವ ಸ್ಟ್ರೆಚರಿನ ಮೇಲೂ ಜಾಹೀರಾತು ಹಾಕಿದರು. ಯಾರಾದರೂ ಬಿದ್ದ ಕೂಡಲೇ ಎಲ್ಲರ ಕಣ್ಣೂ ಅತ್ತಲೇ ತಾನೆ? ಕೇಳಿದವರು ನಕ್ಕರು. ನಗುತ್ತಲೇ ಆ ಕ್ಲಬ್ಬಿನ ಹೆಸರು ಜಪಾನಿನಲ್ಲೆಲ್ಲ ಹರಡಿತು.

ಹಣ ಕೊಡಲಾಗದವರಿಗೂ ದಾರಿ ಮಾಡಿಕೊಟ್ಟರು. ದುಡ್ಡು ಬೇಡ, ನಿಮ್ಮ ಕಸುಬನ್ನೇ ಕೊಡಿ ಎಂದರು. ಬಟ್ಟೆ ಒಗೆಯುವ ಅಂಗಡಿಯವರು ಆಟಗಾರರ ಅಂಗಿಗಳನ್ನು ಒಗೆದುಕೊಟ್ಟರೆ ಅದೇ ಅವರ ಕಾಣಿಕೆ. ಲೆಕ್ಕದ ಪುಸ್ತಕದಲ್ಲಿ ಬರುವ ಹಣ ಹೆಚ್ಚದಿದ್ದರೇನಂತೆ, ಹೋಗುವ ಹಣ ಉಳಿಯಿತಲ್ಲ! ಉಳಿಸಿದ ರೂಪಾಯಿಯೂ ಗಳಿಸಿದ ರೂಪಾಯಿಯೇ ಎಂದು ನಮ್ಮ ಅತ್ತೆಯಂದಿರು ಹೇಳಿಕೊಟ್ಟ ಪಾಠವೇ ಇದು.

ಯಮನಾಶಿಯಲ್ಲೇ ಇರುವ, ಬಾರ್ಲಿ ಮುಂತಾದ ಧಾನ್ಯಗಳನ್ನು ಮಾರುವ ಹಾಕುಬಾಕು ಎಂಬ ಕಂಪನಿ ಆಟಗಾರರ ಅಂಗಿಯ ಎದೆಯ ಮೇಲೆ ತನ್ನ ಹೆಸರು ಹಾಕಿಸಿಕೊಂಡು ವರ್ಷಗಟ್ಟಲೆ ಜೊತೆಗೆ ನಿಂತಿತು. ಊರಿನ ಅಡುಗೆಮನೆಯ ಡಬ್ಬದಲ್ಲಿರುವ ಧಾನ್ಯದ ಹೆಸರೇ ಊರಿನ ಹುಡುಗರ ಎದೆಯ ಮೇಲೆ! ಇದರಲ್ಲೊಂದು ಸೊಗಸಿದೆ, ಅಲ್ವೇ?

ಮೈದಾನದಲ್ಲಿ ಆ ವರ್ಷವೂ ಫಲ ಸಿಗಲಿಲ್ಲ. 2001ರಲ್ಲಿಯೂ ಕೋಫು ಕೊನೆಯ ಸ್ಥಾನದಲ್ಲೇ ಉಳಿಯಿತು, ಸತತ ಮೂರನೇ ವರ್ಷ. ಆದರೂ ನೋಡಲು ಬಂದವರ ಸರಾಸರಿ 3,100 ದಾಟಿತು. ಸದಸ್ಯರ ಸಂಖ್ಯೆ 5,000 ಮೀರಿತು. ಜಾಹೀರಾತಿನ ಹಣವೂ ಗುರಿ ಮುಟ್ಟಿತು. ಮೂರಕ್ಕೆ ಮೂರೂ ಷರತ್ತು ಪೂರೈಸಿತು!

ಇದನ್ನು ಇನ್ನೊಮ್ಮೆ ಓದಿ ಸೋದರಿಯರೇ. ಟೀಮು ಗೆಲ್ಲಲು ಶುರು ಮಾಡಿದ್ದಕ್ಕೆ ಜನ ಬಂದದ್ದಲ್ಲ. ಟೀಮು ಕೊನೆಯಲ್ಲಿದ್ದಾಗಲೇ, ಸೋಲುತ್ತಿದ್ದಾಗಲೇ ಜನ ಬಂದರು. ಪರೀಕ್ಷೆಯಲ್ಲಿ ನಪಾಸಾದ ಮಗನಿಗೆ ಆ ದಿನವೂ ತಟ್ಟೆ ಹಾಕಿ ಊಟ ಬಡಿಸುವ ತಾಯಿಯ ಹಾಗೆ. ಗೆದ್ದವರ ಜೊತೆ ಕುಣಿಯಲು ಯಾರು ಬೇಕಾದರೂ ಬರುತ್ತಾರೆ ಬಿಡಿ.

ಲೋಟ ತೊಳೆದ ಹೆಂಗಸರು

ಈಗ ನಾನು ಮೊದಲೇ ಹೇಳಿದ ಎಂಜಲು ಲೋಟದ ವಿಷಯಕ್ಕೆ ಬರೋಣ. ಪಂದ್ಯ ಅಂದಮೇಲೆ ಜನ ತಿನ್ನುತ್ತಾರೆ, ಕುಡಿಯುತ್ತಾರೆ. ಮುಗಿದ ಮೇಲೆ ಎಲ್ಲೆಲ್ಲೂ ಬಳಸಿ ಬಿಸಾಡಿದ ಲೋಟ, ತಟ್ಟೆ. ಜಾತ್ರೆ, ಮದುವೆ ಮುಗಿದ ಮಾರನೆಯ ದಿನ ನಮ್ಮ ಕಡೆ ಕಾಣೋದಿಲ್ಲವೇ, ಹಾಗೆ.

ಯಮನಾಶಿಯಲ್ಲಿ ಮಾಸುಹೊ ಎಂಬ ಸಣ್ಣ ಊರು. ಅಲ್ಲಿ ಹೆಂಗಸರು ಮುಂದಾಗಿ ಕಟ್ಟಿದ ಒಂದು ಸೇವಾ ಸಂಸ್ಥೆ, ತೊಳೆದು ಮತ್ತೆ ಮತ್ತೆ ಬಳಸಬಹುದಾದ ಗಟ್ಟಿ ಲೋಟ ತಟ್ಟೆಗಳನ್ನು ಸಮಾರಂಭಗಳಿಗೆ ಬಾಡಿಗೆಗೆ ಕೊಡುವ ಕೆಲಸ ಹಿಡಿಯಿತು. 2004ರಲ್ಲಿ ಅವರ ಲೋಟಗಳು ಕೋಫುವಿನ ಕ್ರೀಡಾಂಗಣಕ್ಕೆ ಬಂದವು. ಪ್ರೇಕ್ಷಕರು ಕುಡಿದ ಮೇಲೆ ಲೋಟವನ್ನು ತಂದು ಹಿಂದಿರುಗಿಸಬೇಕು. ಅದು ತೊಳೆಯುವ ಜಾಗಕ್ಕೆ ಹೋಗಿ, ಶುದ್ಧವಾಗಿ, ಮುಂದಿನ ಪಂದ್ಯಕ್ಕೆ ಸಿದ್ಧ. ಲೋಟ ವಾಪಸು ಪಡೆಯುವ ಮೇಜಿನ ಬಳಿ ಸ್ವಯಂಸೇವಕರು ನಿಂತು ಸಹಾಯ ಮಾಡುತ್ತಾರೆ.

ಪಾತ್ರೆ ತೊಳೆಯುವುದು ದಿನವೂ ನಾವು ಮಾಡುವ ಕೆಲಸ. ಅದನ್ನು ಯಾರೂ ಕೆಲಸ ಅಂತ ಲೆಕ್ಕಕ್ಕೇ ಇಡೋದಿಲ್ಲ. ಅದೇ ಕೆಲಸವನ್ನು ಕ್ರೀಡಾಂಗಣದ ನಡುವೆ ತಂದಿಟ್ಟಾಗ ‘ಪರಿಸರ ರಕ್ಷಣೆ’ ಎಂದು ಹೆಸರಾಯಿತು! ಹೆಸರು ಯಾವುದಾದರೂ ಇರಲಿ, ರಾಶಿ ರಾಶಿ ಕಸ ಹುಟ್ಟುವುದಂತೂ ತಪ್ಪಿತು. ನಿಮ್ಮೂರಿನ ಮಹಿಳಾ ಸಮಾಜದವರು ಇದನ್ನು ಓದುತ್ತಿದ್ದರೆ ಒಂದು ಗಳಿಗೆ ಯೋಚಿಸಿ ನೋಡಿ.

ಒಂದೇ ಪಂದ್ಯದಲ್ಲಿ ಆರು ಗೋಲು

ಉಳಿದದ್ದಾಯಿತು. ಮುಂದೇನು? ನಿಧಾನವಾಗಿ ಆಟವೂ ಸುಧಾರಿಸಿತು. ತಾಕೇಶಿ ಓಕಿ ಎಂಬ ತರಬೇತುದಾರರ ಕೈಕೆಳಗೆ 2005ರಲ್ಲಿ ಕೋಫು ಎರಡನೇ ದರ್ಜೆಯಲ್ಲಿ ಮೂರನೇ ಸ್ಥಾನ ಪಡೆಯಿತು. ಆಗಿನ ನಿಯಮದಂತೆ ಮೇಲಿನ ದರ್ಜೆಯ ಒಂದು ಟೀಮಿನ ಜೊತೆ ಎರಡು ಪಂದ್ಯ ಆಡಿ ಗೆದ್ದರೆ ಮೇಲಕ್ಕೆ ಹತ್ತಬಹುದಿತ್ತು. ಎದುರಾಳಿ ಯಾರು? ಹಿಟಾಚಿ ಎಂಬ ಭಾರಿ ಕಂಪನಿಯ ಟೀಮಾಗಿ ಹುಟ್ಟಿ ಬೆಳೆದ ಕಾಶಿವಾ ರೇಸೊಲ್.

ಮೊದಲ ಪಂದ್ಯ ಡಿಸೆಂಬರ್ ತಿಂಗಳ ಚಳಿಯ ರಾತ್ರಿ ಕೋಫುವಿನಲ್ಲಿ. ಕೋಫು 2-1ರಿಂದ ಮುಂದಿದೆ, ಇನ್ನೇನು ಆಟ ಮುಗಿಯಬೇಕು, ಅಷ್ಟರಲ್ಲಿ ಕ್ರೀಡಾಂಗಣದ ದೀಪಗಳೇ ಆರಿಹೋದವು! ಕರೆಂಟು ಹೋಗುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೀರಾ? ಅರ್ಧ ಗಂಟೆಗೂ ಹೆಚ್ಚು ಕಾಲ ಎಲ್ಲರೂ ಕಾದರು. ದೀಪ ಬಂತು, ಆಟ ಮುಂದುವರಿಯಿತು, 2-1ರಲ್ಲೇ ಕೋಫು ಗೆದ್ದಿತು. ಮೂರು ದಿನದ ಮೇಲೆ ಎದುರಾಳಿಯ ಊರಿನಲ್ಲಿ ಎರಡನೇ ಪಂದ್ಯ. ಅಲ್ಲಿ ಬಾರೆ ಎಂಬ ಬ್ರೆಜಿಲ್ ದೇಶದ ಆಟಗಾರ ಒಬ್ಬನೇ ಆರು ಗೋಲು ಹೊಡೆದ. ಫಲಿತಾಂಶ 6-2. ಮುಚ್ಚಬೇಕಾಗಿದ್ದ ಕ್ಲಬ್ಬು ಐದೇ ವರ್ಷದಲ್ಲಿ ದೇಶದ ಮೊದಲ ದರ್ಜೆಗೆ ಕಾಲಿಟ್ಟಿತು. 2006ರಲ್ಲಿ ಪಂದ್ಯಕ್ಕೆ ಬರುವವರ ಸರಾಸರಿ ಹತ್ತು ಸಾವಿರ ದಾಟಿತು.

ಇಲ್ಲಿಗೆ ‘ಸುಖವಾಗಿದ್ದರು’ ಎಂದು ಕಥೆ ಮುಗಿಸಲು ಇದು ಸಿನಿಮಾ ಅಲ್ಲ. 2007ರಲ್ಲಿ ಮತ್ತೆ ಕೆಳಕ್ಕೆ ಬಿದ್ದರು. 2011ರಲ್ಲಿ ಮೇಲೆ ಹೋಗಿ ಅದೇ ವರ್ಷ ಕೆಳಗೆ ಬಂದರು. 2012ರಲ್ಲಿ ಸಾಲಾಗಿ 24 ಪಂದ್ಯ ಸೋಲದೆ ಎರಡನೇ ದರ್ಜೆಯನ್ನೇ ಗೆದ್ದು, 2013ರಿಂದ 2017ರವರೆಗೆ ಐದು ವರ್ಷ ಮೇಲಿದ್ದರು. ಮತ್ತೆ ಇಳಿದರು. 2018ರಿಂದ 2025ರವರೆಗೂ ಎರಡನೇ ದರ್ಜೆಯಲ್ಲೇ ಆಡಿದರು. ಸಣ್ಣ ಊರಿನ ಕ್ಲಬ್ಬಿನ ಹಣೆಬರಹ ಹೀಗೆಯೇ. ಒಬ್ಬ ಹುಡುಗ ಚೆನ್ನಾಗಿ ಆಡಿದ ಅಂದರೆ ದೊಡ್ಡ ಕ್ಲಬ್ಬಿನವರು ಹೆಚ್ಚು ಸಂಬಳ ಕೊಟ್ಟು ಕರೆದೊಯ್ಯುತ್ತಾರೆ. ಬೆಳೆಸಿ ಕಳಿಸುವುದು, ಮತ್ತೆ ಹೊಸಬರನ್ನು ತರುವುದು. ಬಹಳ ಕಾಲ ಅಭ್ಯಾಸಕ್ಕೆ ಸ್ವಂತ ಮೈದಾನವೂ ಇಲ್ಲದೆ ಎರವಲು ಮೈದಾನಗಳಲ್ಲಿ ಓಡಾಡಿದವರು ಅವರು.

ನಲವತ್ತೆರಡರ ಯಮಾಮೊಟೊ

ಎಲ್ಲರೂ ಹೋಗುವವರೇ ಆದರೆ ಉಳಿಯುವವರು ಬೇಡವೇ? ಹಿಡೆಓಮಿ ಯಮಾಮೊಟೊ ಹಾಗೆ ಉಳಿದವರು. 2003ರಲ್ಲಿ ಬೇರೆ ಕ್ಲಬ್ಬಿನಿಂದ ಕೋಫುವಿಗೆ ಬಂದರು. ಟೀಮು ಮೇಲೆ ಹೋದಾಗಲೂ ಇದ್ದರು, ಕೆಳಗೆ ಬಂದಾಗಲೂ ಇದ್ದರು. 2022ರ ಹೊತ್ತಿಗೆ ಅವರಿಗೆ 42 ವರ್ಷ. ಕಾಲ್ಚೆಂಡಾಟದಲ್ಲಿ ಅದು ಮುಪ್ಪೇ ಸರಿ. ಮೂವತ್ತೈದಕ್ಕೇ ಬಹುತೇಕರು ಬೂಟು ಬಿಚ್ಚಿ ಇಡುತ್ತಾರೆ.

ಜಪಾನಿನಲ್ಲಿ ‘ಚಕ್ರವರ್ತಿ ಕಪ್’ ಎಂಬ ಪಂದ್ಯಾವಳಿ ಇದೆ. 1921ರಲ್ಲಿ ಶುರುವಾದ ಹಳೆಯ ಪಂದ್ಯಾವಳಿ. ಹವ್ಯಾಸಿಗಳಿಂದ ಹಿಡಿದು ಮೊದಲ ದರ್ಜೆಯವರೆಗೆ ಎಲ್ಲ ಬಗೆಯ ಟೀಮುಗಳೂ ಆಡಬಹುದು. ಒಮ್ಮೆ ಸೋತರೆ ಮನೆಗೆ. 2022ರಲ್ಲಿ ಕೋಫುವಿನ ಸ್ಥಿತಿ ಚೆನ್ನಾಗಿರಲಿಲ್ಲ. ಎರಡನೇ ದರ್ಜೆಯ 22 ಟೀಮುಗಳಲ್ಲಿ ಆ ವರ್ಷ ಅವರು ಹದಿನೆಂಟನೆಯವರು. ಆದರೆ ತತ್ಸುಮಾ ಯೋಶಿದಾ ಎಂಬ ತರಬೇತುದಾರರ ಈ ಹುಡುಗರು ಕಪ್ಪಿನಲ್ಲಿ ಮಾತ್ರ ಒಂದೊಂದೇ ದೊಡ್ಡ ಟೀಮನ್ನು ಉರುಳಿಸುತ್ತಾ ಹೋದರು. ಸಪ್ಪೊರೊ, ಟೋಸು, ಫುಕುವೋಕಾ, ಕಡೆಗೆ ಉಪಾಂತ್ಯದಲ್ಲಿ ಬಹಳ ಪ್ರಶಸ್ತಿ ಗೆದ್ದ ಕಾಶಿಮಾ ಆಂಟ್ಲರ್ಸ್. ನಾಲ್ಕೂ ಮೊದಲ ದರ್ಜೆಯವು!

2022ರ ಅಕ್ಟೋಬರ್ 16. ಯೊಕೊಹಾಮಾದಲ್ಲಿ ಅಂತಿಮ ಪಂದ್ಯ. ಎದುರಾಳಿ ಮಾಜ್ದಾ ಕಾರು ಕಂಪನಿಯ ಟೀಮಿನಿಂದ ಬೆಳೆದ ಸಾನ್‌ಫ್ರೆಚೆ ಹಿರೋಶಿಮಾ. ಮೊದಲರ್ಧದಲ್ಲಿ ಕೋಫುವಿನ ಕಾಜುಶಿ ಮಿತ್ಸುಹಿರಾ ಗೋಲು ಹೊಡೆದರು. ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ಹಿರೋಶಿಮಾ ಸರಿಗಟ್ಟಿತು, 1-1. ಹೆಚ್ಚುವರಿ ಅರ್ಧ ಗಂಟೆಯ ಆಟ. ಆಗ ಬದಲಿ ಆಟಗಾರರಾಗಿ ಯಮಾಮೊಟೊ ಒಳಗೆ ಬಂದರು.

ಇನ್ನು ನಾಲ್ಕೈದು ನಿಮಿಷ ಇದೆ ಅನ್ನುವಾಗ ಅನರ್ಥವಾಯಿತು. ಚೆಂಡು ಯಮಾಮೊಟೊ ಅವರ ಕೈಗೆ ತಗುಲಿತು. ಗೋಲಿನ ಮುಂದೆ ಕೈಗೆ ತಗುಲಿದರೆ ಎದುರಾಳಿಗೆ ಪೆನಾಲ್ಟಿ, ಅಂದರೆ ಗೋಲಿ ಒಬ್ಬನೇ ನಿಂತಿರುವಾಗ ಹತ್ತಿರದಿಂದ ಒದೆಯುವ ಅವಕಾಶ. ಇಪ್ಪತ್ತು ವರ್ಷ ದುಡಿದ ಮನುಷ್ಯನಿಂದಲೇ ಎಲ್ಲ ಹಾಳಾಗಬೇಕೇ? ಹಿರೋಶಿಮಾದವರು ಒದೆದರು. ಕೋಫುವಿನ ಗೋಲಿ ಕೋಹೇ ಕವಾಟಾ ಹಾರಿ ತಡೆದುಬಿಟ್ಟರು!

ಆಟ ಸಮಸಮ. ಈಗ ಎರಡೂ ಕಡೆಯಿಂದ ಐದೈದು ಪೆನಾಲ್ಟಿ. ಕೋಫುವಿನ ಮೊದಲ ನಾಲ್ವರೂ ಗೋಲು ಹೊಡೆದರು. ಹಿರೋಶಿಮಾದ ನಾಲ್ಕನೆಯವನ ಒದೆತವನ್ನು ಕವಾಟಾ ಮತ್ತೆ ತಡೆದರು. ಕೋಫುವಿನ ಐದನೆಯ ಒದೆತ ಬಲೆ ಸೇರಿದರೆ ಕಪ್ ಅವರದು. ಒದೆಯಲು ಬಂದವರು ಯಾರು ಗೊತ್ತೇ? ಅದೇ ಯಮಾಮೊಟೊ.

ಚೆಂಡು ಬಲೆಗೆ ಬಿತ್ತು. 5-4. ಎರಡನೇ ದರ್ಜೆಯ ಹದಿನೆಂಟನೇ ಸ್ಥಾನದ ಟೀಮು ದೇಶದ ಕಪ್ ಎತ್ತಿತು!

ಯಮಾಮೊಟೊ ಅವರ ಬಗ್ಗೆ ನನಗೆ ಹಿಡಿಸುವುದು ಆ ಕೊನೆಯ ಒದೆತ ಮಾತ್ರ ಅಲ್ಲ. ಸ್ವಲ್ಪ ಹೊತ್ತಿನ ಮುಂಚೆ ತನ್ನಿಂದ ಅಂಥದ್ದು ನಡೆದಿದ್ದರೂ, ‘ನನಗೆ ಬೇಡ, ಬೇರೆಯವರು ಹೊಡೆಯಲಿ’ ಎಂದು ಹಿಂದೆ ಸರಿಯದೆ ಮುಂದೆ ನಡೆದು ಬಂದರಲ್ಲ, ಅದು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತೆಂದು ಆ ದಿನದ ಅಡುಗೆಯನ್ನೇ ಬಿಡಲು ನಮಗೆ ಸಾಧ್ಯವೇ? ಒರೆಸಿ, ಮತ್ತೆ ಪಾತ್ರೆ ಇಡುತ್ತೇವೆ. ಅವರ ಮುಂದೆ ಇದ್ದದ್ದು ಹಾಲಿನ ಪಾತ್ರೆಗಿಂತ ಎಷ್ಟೋ ದೊಡ್ಡದು, ಅಷ್ಟೇ.

ಆ ಕಪ್ಪಿನ ಬಹುಮಾನ 15 ಕೋಟಿ ಯೆನ್. ನೆನಪಿದೆಯೇ, 2000ದಲ್ಲಿ ಈ ಕ್ಲಬ್ಬಿನ ಕತ್ತು ಹಿಸುಕಿದ್ದು 11 ಕೋಟಿಯ ಸಾಲ. ಅಂದು ಆ ಹಣಕ್ಕಾಗಿ ಬಾಗಿಲು ಹಾಕಿದ್ದರೆ ಈ ದಿನ ಬರುತ್ತಲೇ ಇರಲಿಲ್ಲ.

ಬೇರೆ ಬೇರೆ ಅಂಗಿ, ಒಂದೇ ಕೂಗು

ಕಪ್ ಗೆದ್ದವರಿಗೆ ಏಷ್ಯಾ ಖಂಡದ ಕ್ಲಬ್ಬುಗಳ ಪಂದ್ಯಾವಳಿಯಲ್ಲಿ ಆಡುವ ಹಕ್ಕು. 2023ರಲ್ಲಿ ಕೋಫು ಆಸ್ಟ್ರೇಲಿಯಾದ ಮೆಲ್ಬರ್ನ್, ಥಾಯ್ಲೆಂಡಿನ ಬುರಿರಾಮ್, ಚೀನಾದ ಝೆಜಿಯಾಂಗ್ ಟೀಮುಗಳ ಜೊತೆ ಒಂದೇ ಗುಂಪಿನಲ್ಲಿ ಬಂತು. ಆದರೆ ತೊಡಕು ನೋಡಿ, ಕೋಫುವಿನ ಸ್ವಂತ ಕ್ರೀಡಾಂಗಣ ಏಷ್ಯಾ ಮಟ್ಟದ ಅಳತೆಗೆ ಸಾಲದು. ಹಾಗಾಗಿ ತವರಿನ ಪಂದ್ಯಗಳನ್ನು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಆಡಬೇಕಾಯಿತು. ವಾರದ ನಡುವೆ, ರಾತ್ರಿ ಹೊತ್ತು, ಪರ ಊರಿನಲ್ಲಿ. ಅಷ್ಟು ದೊಡ್ಡ ಜಾಗ ತುಂಬುವವರು ಯಾರು?

ಆಗ ನಡೆದದ್ದು ಬಹಳ ಹಿತವಾದ ಸಂಗತಿ. ಟೋಕಿಯೊ ಸುತ್ತಮುತ್ತಲಿನ ಬೇರೆ ಬೇರೆ ಕ್ಲಬ್ಬುಗಳ ಅಭಿಮಾನಿಗಳು, ಲೀಗಿನಲ್ಲಿ ಕೋಫುವಿಗೆ ಎದುರಾಳಿಗಳಾದವರು, ತಮ್ಮ ತಮ್ಮ ಕ್ಲಬ್ಬಿನ ಅಂಗಿ ತೊಟ್ಟುಕೊಂಡೇ ಬಂದು ಕೋಫುವಿನ ಪರವಾಗಿ ಕೂಗಿದರು. ಬುರಿರಾಮ್ ಜೊತೆಗಿನ ಮೊದಲ ಪಂದ್ಯಕ್ಕೇ ಹತ್ತು ಸಾವಿರಕ್ಕೂ ಹೆಚ್ಚು ಜನ. ಹಳದಿ, ಹಸಿರು, ಕೆಂಪು, ನೀಲಿ, ಎಲ್ಲ ಬಣ್ಣವೂ ಒಂದೇ ಕಡೆ. ಮದುವೆ ಮನೆಯಲ್ಲಿ ಓರಗಿತ್ತಿಯರು ಹಳೆಯ ಮುನಿಸು ಮರೆತು ಒಟ್ಟಾಗಿ ಒಲೆ ಮುಂದೆ ನಿಲ್ಲುತ್ತಾರಲ್ಲ, ಹಾಗೆ ಅನ್ನಿ!

ಡಿಸೆಂಬರಿನಲ್ಲಿ ಬುರಿರಾಮ್ ಊರಿಗೇ ಹೋಗಿ 3-2ರಿಂದ ಗೆದ್ದು ಕೋಫು ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು. 2024ರ ಫೆಬ್ರವರಿಯಲ್ಲಿ ಕೊರಿಯಾದ ಉಲ್ಸಾನ್ ಕ್ಲಬ್ಬಿಗೆ ಎರಡೂ ಪಂದ್ಯ ಸೋತು ಅವರ ಏಷ್ಯಾ ಪ್ರವಾಸ ಮುಗಿಯಿತು. ಮತ್ತೆ ಎರಡನೇ ದರ್ಜೆಯ ತಮ್ಮ ದಿನನಿತ್ಯದ ಪಂದ್ಯಗಳು. ಗೆಲುವು, ಸೋಲು, ಸಮ.

ಒಂದು ಚೆಂಡಾಟದ ಟೀಮು ಇಲ್ಲದಿದ್ದರೆ ಯಾರೂ ಉಪವಾಸ ಬೀಳೋದಿಲ್ಲ, ನಿಜ. ಆದರೆ ಊರು ಅಂದರೆ ಬರೀ ಮನೆ, ಅಂಗಡಿ, ರಸ್ತೆ ಮಾತ್ರವೇ? ಓದಿದ ಮಕ್ಕಳು ದೊಡ್ಡ ನಗರಕ್ಕೆ ಹೋಗಿಬಿಡುವ ಸಣ್ಣ ಊರಿನಲ್ಲಿ, ‘ಇದು ನಮ್ಮದು’ ಎಂದು ಹೇಳಿಕೊಳ್ಳಲು ಏನಾದರೂ ಒಂದು ಬೇಕು. ಅದು ತೇರು ಆಗಬಹುದು, ನಾಟಕದ ಸಂಘ ಆಗಬಹುದು, ವಾಚನಾಲಯ ಆಗಬಹುದು. ಕೋಫುವಿನವರಿಗೆ ಅದು ಕಾಲ್ಚೆಂಡು. ದುಡ್ಡುಳ್ಳ ಧಣಿ ಯಾರಾದರೂ ಬಂದು ಉಳಿಸಲಿ ಎಂದು ಕಾದು ಕೂತಿದ್ದರೆ ಅದು 2001ರಲ್ಲೇ ಮುಗಿದುಹೋಗುತ್ತಿತ್ತು. ಒಬ್ಬ ಚಂದಾ ಕಟ್ಟಿದ, ಒಬ್ಬಳು ಟಿಕೆಟ್ಟು ಕೊಂಡಳು, ಒಬ್ಬ ಅಂಗಿ ಒಗೆದುಕೊಟ್ಟ, ಇನ್ನೊಬ್ಬಳು ಲೋಟ ತೊಳೆದಳು.

ಮುಂದಿನ ಸಲ ಮನೆಯ ಗಂಡಸರು ಟಿ.ವಿ. ಮುಂದೆ ಕೂತು, “ನಿನಗೇನು ಗೊತ್ತೇ ಫುಟ್‌ಬಾಲ್ ವಿಷಯ?” ಎಂದು ಕೆಣಕಿದರೆ, ಕಾಫಿ ಲೋಟ ಕೈಗೆ ಕೊಟ್ಟು, ಸ್ಟ್ರೆಚರಿನ ಮೇಲೆ ಜಾಹೀರಾತು ಹಾಕಿದ ಕ್ಲಬ್ಬು ಯಾವುದು ಹೇಳಿ ನೋಡೋಣ ಎಂದು ಕೇಳಿ. ಲೋಟ ಮಾತ್ರ ಅವರೇ ತೊಳೆದಿಡಲಿ!